ರಶೀದಿ ಭಟ್ರು

ನಮ್ಮ ಉಪನಗರದ ಮಠಕ್ಕೆ ಹೋದವರು ದೇವರ ಮುಖ ನೋಡುವ ಮೊದಲು ಅವನ ಮುಖ ನೋಡಲೇಬೇಕು. ಚಪ್ಪಲಿ ಬಿಟ್ಟು, ಕಾಲು ತೊಳೆದು ನಾಲ್ಕು ಮೆಟ್ಟಿಲು ಹತ್ತಿದರೆ ಎಡಗಡೆಗೊಂದು ಕಿಟಕಿ. ಒಳಗೆ ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಮೈಮೇಲೆ ಗೋಪೀಚಂದನದ ಮುದ್ರೆ, ಮುಂದೆ ಕಂಪ್ಯೂಟರು. ವಯಸ್ಸು ಇಪ್ಪತ್ತೆರಡು. ಎಪ್ಪತ್ತು ದಾಟಿದ ನಾನೂ ಎದುರಿಗೆ ‘ಭಟ್ರೇ’ ಎನ್ನುತ್ತೇನೆ, ಅವನು ‘ರಾಯರೇ’ ಎನ್ನುತ್ತಾನೆ. ಬೆನ್ನ ಹಿಂದೆ ಅವನು ಎಲ್ಲರ ಬಾಯಲ್ಲೂ ರಶೀದಿ ಭಟ್ರು. ಇಲ್ಲಿ ಏಕವಚನದಲ್ಲಿ ಬರೆಯುತ್ತಿದ್ದೇನೆ; ಮುದುಕನ ಸಲುಗೆ ಎಂದುಕೊಳ್ಳಿ.

ಕಾರ್ಕಳದ ಕಡೆಯ ಮಾಣಿ. ಏಳು ವರ್ಷ ವೇದಪಾಠಶಾಲೆಯಲ್ಲಿ ಗಂಟಲು ಹರಿದುಕೊಂಡವನು. ಮತ್ಸ್ಯಗಂಧಾ ರೈಲಿನಿಂದ ಠಾಣೆಯಲ್ಲಿ ಇಳಿದಾಗ ಚೀಲದಲ್ಲಿ ಇದ್ದದ್ದು ಪಟ್ಟೆಮಡಿ, ಪಂಚಪಾತ್ರೆ, ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ. ದೇವರನ್ನು ಮುಟ್ಟಿ ಪೂಜೆ ಮಾಡಬೇಕೆಂಬ ಆಸೆ. ಮಠದ ಮ್ಯಾನೇಜರು ಮಂತ್ರದ ಬಗ್ಗೆ ಏನೂ ಕೇಳಲಿಲ್ಲ. ‘ಪಿಯುಸಿ ಆಗಿದೆಯಾ?’ ಎಂದರು. ಆಗಿತ್ತು, ಪ್ರೈವೇಟಾಗಿ ಕಟ್ಟಿ ಪಾಸು ಮಾಡಿದ್ದ. ಅದೇ ಅವನ ಗ್ರಹಚಾರ. ‘ಹಾಗಾದರೆ ಕೌಂಟರಿನಲ್ಲಿ ಕೂತುಕೋ’ ಎಂದರು. ಜೊತೆಯಲ್ಲಿ ಬಂದವನು ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದಿದ್ದ. ಅವನು ನೇರ ಗರ್ಭಗುಡಿಗೆ ಹೋದ.

ಮುಂಬಯಿಗೆ ಊರಿನ ಮಾಣಿಗಳು ಬರುವುದು ಹೊಸತೇನಲ್ಲ. ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ ಕಾಲದಲ್ಲಿ ಮಾಣಿ ಎಂದರೆ ಹೋಟೆಲಿನ ಮಾಣಿ. ಹಗಲು ತಟ್ಟೆ ಎತ್ತಿ, ರಾತ್ರಿಶಾಲೆಯಲ್ಲಿ ತೂಕಡಿಸಿ, ಹತ್ತು ವರ್ಷಕ್ಕೆ ಗಲ್ಲೆಗೆ ಬಂದು ಕೂತರೆ ಊರಲ್ಲಿ ಹೆಣ್ಣು ಹುಡುಕಲು ಶುರು. ಹೋಟೆಲಿನಲ್ಲಿ ಗಲ್ಲೆಗೆ ಬಂದದ್ದು ಬಡ್ತಿ. ಮಠದಲ್ಲಿ ಮೊದಲ ದಿನವೇ ಗಲ್ಲೆಗೆ ಕೂತ ನಮ್ಮ ಮಾಣಿ ರಾತ್ರಿ ಗೋಡೆ ಕಡೆ ತಿರುಗಿ ಅತ್ತನಂತೆ.

ಮೊದಲ ತಿಂಗಳು ಫೋನು ಅವನನ್ನು ಹಿಂಡಿ ಹಿಪ್ಪೆ ಮಾಡಿತು.

‘ರಂಗಪೂಜೆಗೆ ಬರೆದುಕೊಳ್ಳಿ ಭಟ್ರೇ.’

‘ಗೋತ್ರ?’

‘ಗೊತ್ತಿಲ್ಲ.’

ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಎನ್ನುವುದು ಹಿಂದಿನಿಂದ ಬಂದ ಪದ್ಧತಿ. ಬರೆದ.

‘ಮಗುವಿನ ನಕ್ಷತ್ರ?’

‘ಸಿಜೇರಿಯನ್ ಅಲ್ವಾ, ಡಾಕ್ಟರು ಗುರುವಾರ ಅಂದ್ರು.’

ಎದುರಿಗೆ ಬಂದವರದು ಬೇರೆ ಕಾಟ. ದೇವರ ಬಾಗಿಲು ತೆರೆದಿದೆಯಾ ಎಂದು ವಿಚಾರಿಸುವ ಮೊದಲೇ ‘80ಜಿ ಇದೆಯಾ?’ ಎನ್ನುತ್ತಾರೆ. ಋಗ್ವೇದದ 1,028 ಸೂಕ್ತಗಳಲ್ಲಿ ಎಷ್ಟೋ ಅವನಿಗೆ ಪುಸ್ತಕ ನೋಡದೆ ಬರುತ್ತವೆ. ಈ ಎಂಬತ್ತನೆಯದು ಯಾವ ಮಂಡಲದ್ದು ಎಂದು ತಿಳಿಯಲಿಲ್ಲ. ಬ್ಯಾಂಕಿನಿಂದ ನಿವೃತ್ತನಾದ ನಾನೇ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಆದಾಯ ತೆರಿಗೆಯ ಉಪದೇಶ ಮಾಡಿದೆ. ನಗದು ಕಾಣಿಕೆ ಎರಡು ಸಾವಿರ ದಾಟಿದರೆ ವಿನಾಯಿತಿ ಇಲ್ಲ, ಪ್ಯಾನ್ ನಂಬರು ಬರೆದುಕೋ, ವರ್ಷದ ಕೊನೆಗೆ ಟೆನ್ ಬಿ.ಇ. ಕೊಡಬೇಕು ಎಂದೆ. ‘ಹತ್ತು ಬಿ.ಇ. ಯಾಕೆ ರಾಯರೇ? ಒಬ್ಬ ಇಂಜಿನಿಯರು ಸಾಲದಾ?’ ಎಂದ. ಅದು ಸರ್ಟಿಫಿಕೇಟಿನ ಹೆಸರು ಎಂದು ತಿಳಿಸುವಷ್ಟರಲ್ಲಿ ಮಹಾಪೂಜೆಯ ಗಂಟೆ ಹೊಡೆಯಿತು.

ಆಮೇಲೆ ಕ್ಯೂಆರ್ ಬಂತು, ಜೊತೆಗೊಂದು ಮಾತಾಡುವ ಡಬ್ಬಿ. ಒಂದು ಏಕಾದಶಿ ಸಂಜೆ ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದಾಗ ಡಬ್ಬಿ ಹಿಂದಿಯಲ್ಲಿ ‘ಏಕ್ ಸೌ ಏಕ್ ರುಪಯೇ’ ಎಂದು ಕೂಗಿತು. ಪಕ್ಕದವರು ಕಣ್ಣು ತೆರೆದು ಯಾರು ಹಾಕಿದ್ದು ಎಂದು ನೋಡಿದರು. ಮುಂದಿನ ಎರಡು ನಿಮಿಷದಲ್ಲಿ ಡಬ್ಬಿ ಒಂಬತ್ತು ಸಲ ಕೂಗಿತು, ಮೊತ್ತ ಪ್ರತಿ ಸಲ ಏರುತ್ತಾ ಹೋಯಿತು. ಡಬ್ಬಿಯ ಬಾಯಿ ಮುಚ್ಚಿಸಬೇಕೆಂದಿದ್ದ ಮ್ಯಾನೇಜರು ಆ ಮಾತೇ ಎತ್ತಲಿಲ್ಲ.

ಮಾಣಿಯ ನಿಜವಾದ ತಪಸ್ಸು ಭಾನುವಾರ. ಈ ಊರಿನವರಿಗೆ ಧರ್ಮವೆಲ್ಲ ಭಾನುವಾರವೇ ಆಗಬೇಕು. ಹುಟ್ಟಿದ ಹಬ್ಬ ಭಾನುವಾರ, ಗೃಹಪ್ರವೇಶ ಭಾನುವಾರ, ತಿಥಿಯೂ ಭಾನುವಾರ. ‘ಅಪ್ಪನ ತಿಥಿ ಬುಧವಾರ ಬಿದ್ದಿದೆ, ಭಾನುವಾರಕ್ಕೆ ತರಲಿಕ್ಕೆ ಆಗ್ತದಾ?’ ಎಂದು ಒಬ್ಬರು ಕೇಳಿದಾಗ ಮೊದಲ ವರ್ಷದ ಮಾಣಿ ‘ತರಲಿಕ್ಕೆ ಅದೇನು ತರಕಾರಿಯಾ ಮಾರಾಯ್ರೆ?’ ಎಂದು ರೇಗಿದ್ದ. ಈಗ ರೇಗುವುದಿಲ್ಲ. ‘ನೋಡುವಾ’ ಎನ್ನುತ್ತಾನೆ. ಅದಕ್ಕೆ ಆಗುವುದಿಲ್ಲ ಎಂದೇ ಅರ್ಥ, ಆದರೆ ಫೋನು ಇಟ್ಟವರಿಗೆ ಸಮಾಧಾನವಾಗಿರುತ್ತದೆ.

ಮಠದ ಪುರೋಹಿತರನ್ನು ಊರೂರಿಗೆ ಅಟ್ಟುವುದೂ ಅವನ ಪಾಲಿಗೇ ಬಂದಿದೆ. ಅವನ ಮೇಜಿನ ಮೇಲೆ ಉಡುಪಿ ಪಂಚಾಂಗ, ಪಕ್ಕದಲ್ಲಿ ಲೋಕಲ್ ರೈಲಿನ ವೇಳಾಪಟ್ಟಿ. ನೋಡಿ ನೋಡಿ ಎರಡರಲ್ಲಿ ಹೆಚ್ಚು ಮಾಸಿರುವುದು ವೇಳಾಪಟ್ಟಿ. ಬೆಳಗ್ಗೆ ಡೊಂಬಿವಿಲಿಯಲ್ಲಿ ಗೃಹಪ್ರವೇಶ, ಹನ್ನೊಂದಕ್ಕೆ ವಸಾಯಿಯಲ್ಲಿ ನಾಮಕರಣ ಇದ್ದರೆ, ದಿವಾ–ವಸಾಯಿ ಗಾಡಿ ತಪ್ಪಿದ ಪುರೋಹಿತರು ದಾದರ್ ಸುತ್ತಿ ಬರಬೇಕು. ಅಷ್ಟರಲ್ಲಿ ಮಗುವಿಗೆ ಅಜ್ಜಿಯೇ ಹೆಸರಿಟ್ಟಿರುತ್ತಾಳೆ. ಅದಕ್ಕೆ ಅವನದೇ ಒಂದು ಜ್ಯೋತಿಷ್ಯ ಸಿದ್ಧವಾಗಿದೆ. ಭಾನುವಾರ ಯಮಗಂಡ ಹನ್ನೆರಡರಿಂದ ಒಂದೂವರೆ, ಗುಳಿಕ ಮೂರರಿಂದ ನಾಲ್ಕೂವರೆ, ರಾಹುಕಾಲ ನಾಲ್ಕೂವರೆಯಿಂದ ಆರು. ಹಳಿ ದುರಸ್ತಿಗೆಂದು ಗಾಡಿ ತಡೆಯುವ ಮಧ್ಯ ರೈಲ್ವೆಯ ಮೆಗಾಬ್ಲಾಕು ಸುಮಾರು ಹನ್ನೊಂದರಿಂದ ನಾಲ್ಕು. ‘ಯಮಗಂಡವನ್ನು ನುಂಗಿ, ಗುಳಿಕನನ್ನು ಕಚ್ಚಿ, ರಾಹುವಿಗೆ ಅರ್ಧ ಗಂಟೆ ಇರುವಾಗ ಬಿಡ್ತದೆ ರಾಯರೇ. ರಾಹುವಿಗಾದರೂ ಶಾಂತಿ ಉಂಟು, ಇದಕ್ಕೆ ಇಲ್ಲ.’

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ ಬಾಗಿಲಿಗೆ ಇಬ್ಬರು ಹುಡುಗರು ಬಂದಿದ್ದರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಮಾರ್ಮನ್ ಪಂಥದ ಪ್ರಚಾರಕರು. ಮೀಸೆ ಸರಿಯಾಗಿ ಮೂಡಿರಲಿಲ್ಲ, ಬಿಲ್ಲೆಯಲ್ಲಿ ಮಾತ್ರ ಹೆಸರಿನ ಮುಂದೆ ‘ಎಲ್ಡರ್’, ಅಂದರೆ ಹಿರಿಯ! ನಮ್ಮ ಎಳೆಯ ಭಟ್ರು ನೆನಪಾದರು. ಎರಡು ವರ್ಷ ಮನೆ ಬಿಟ್ಟು, ಜೋಡಿಯಾಗಿ ಬಾಗಿಲು ಬಾಗಿಲು ತಟ್ಟುವ ವ್ರತ ಅವರದು. ನೀರು ಕೊಟ್ಟು ಮಾತಾಡಿಸಿದೆ. ಒಬ್ಬ ನಾಚಿಕೊಂಡು ಹೇಳಿದ, ಆರು ತಿಂಗಳು ಅವನನ್ನು ಆಫೀಸಿಗೆ ಹಾಕಿದ್ದರಂತೆ: ಉಳಿದ ಪ್ರಚಾರಕರ ಬಾಡಿಗೆ ಮನೆ, ವಾಹನ, ಖರ್ಚಿನ ಲೆಕ್ಕ. ದೇವರ ಮಾತು ಹೇಳಲು ಹೊರಟವನು ಕರೆಂಟು ಬಿಲ್ಲು ಕಟ್ಟುತ್ತಾ ಕೂತಿದ್ದ. ಬಂದು ನಮ್ಮ ಮಾಣಿಗೆ ಹೇಳಿದೆ. ‘ಅವನಿಗೆ ಎರಡೇ ವರ್ಷವಾ?’ ಎಂದು ಅಸೂಯೆಪಟ್ಟ. ಉಡುಪಿಯ ಪರ್ಯಾಯವೂ ಎರಡೇ ವರ್ಷ. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜೆಯ ಸರದಿಯನ್ನು ವಾದಿರಾಜರು 1522ರಲ್ಲಿ ಎರಡು ವರ್ಷಕ್ಕೆ ಏರಿಸಿದರು. ಗಲ್ಲೆಯ ಪರ್ಯಾಯಕ್ಕೆ ಅವಧಿ ನಿಗದಿ ಮಾಡಿದವರಿಲ್ಲ.

ಕಳೆದ ವರ್ಷ ಒಮ್ಮೆ ಅವನ ಹರಕೆ ಫಲಿಸಿತು. ದೊಡ್ಡ ಅರ್ಚಕರಿಗೆ ಸೂತಕ ಬಂತು, ಜೊತೆಗಾರ ಊರಿಗೆ ಹೋಗಿದ್ದ. ಮಾಣಿ ಸ್ನಾನ ಮಾಡಿ ಪಟ್ಟೆಮಡಿ ಉಟ್ಟು ಒಳಗೆ ಹೋದ. ಸ್ವರವೆಂದರೆ ಸ್ವರ! ಆ ಕಿಟಕಿಯ ಹಿಂದೆ ಇಂಥ ಗಂಟಲಿತ್ತೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಂದು ನನ್ನ ಹೆಸರಿನಲ್ಲಿ ಪಂಚಾಮೃತ ಅಭಿಷೇಕ ಇತ್ತು. ಸಂಕಲ್ಪಕ್ಕೆ ಕರೆದ. ಗೋತ್ರ ಹೇಳಿದೆ, ನಕ್ಷತ್ರ ಹೇಳಿದೆ, ರಾಶಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ, ಅದೇ ರಾಗದಲ್ಲಿ, ಮಾಣಿ ಕೇಳಿದ: ‘ಮೊಬೈಲ್ ನಂಬರು?’

ನಾನೂ ಹೇಳಿಬಿಟ್ಟೆ.

ಸೂತಕ ಕಳೆಯಿತು, ಮಾಣಿ ಕಿಟಕಿಗೆ ಮರಳಿದ. ಈಗಲೂ ಅಲ್ಲೇ ಇದ್ದಾನೆ, ಬೆಳಗ್ಗೆ ಏಳರಿಂದ ಹನ್ನೆರಡೂವರೆ, ಸಂಜೆ ಐದರಿಂದ ಎಂಟೂವರೆ. ಹೋಗುವವರು ಮನೆಯಲ್ಲಿ ದೊಡ್ಡವರನ್ನು ಗೋತ್ರ ಕೇಳಿಕೊಂಡು ಹೋಗಿ. ಅವನ ಪುಸ್ತಕದಲ್ಲಿ ಕಾಶ್ಯಪರಿಗೆ ಇನ್ನು ಜಾಗವಿಲ್ಲ.