ಬಾಡಿಗೆದಾರನ ಲಕ್ಷಣ ವಿಚಾರ

ಬೆಂಗಳೂರಿನ ಬಾಡಿಗೆದಾರನು ಆಗಾಗ ಗಂಟುಮೂಟೆ ಕಟ್ಟುವ ವಲಸೆ ವರ್ಗಕ್ಕೆ ಸೇರಿದವನಾಗಿದ್ದು, ಅವನ ಪಂಚಾಂಗದಲ್ಲಿ ವರ್ಷಕ್ಕೆ 11 ತಿಂಗಳುಗಳು ಮಾತ್ರ ಇರುತ್ತವೆ. ಏಕೆಂದರೆ ಒಂದು ವರ್ಷವನ್ನು ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದುದರಿಂದ, ಮಾಲೀಕರು ಆ ಗೊಡವೆಯೇ ಬೇಡವೆಂದು 11ಕ್ಕೇ ಕೈಮುಗಿಯುತ್ತಾರೆ.

ಕರಾರಿಗೆ ಮುನ್ನ ಸಲ್ಲುವ ‘ಅಡ್ವಾನ್ಸ್’ ಎಂಬುದು ಮನೆ ಬಿಡುವಾಗ ಹಿಂದಿರುಗಿಸಬೇಕಾದ, ಬಡ್ಡಿಯಿಲ್ಲದ ಠೇವಣಿಯಾಗಿದ್ದು, ನಗರದ ಹಳೆಯ ವಾಡಿಕೆಯಲ್ಲಿ 10 ತಿಂಗಳ ಬಾಡಿಗೆಯಷ್ಟಿರುತ್ತಿತ್ತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯೇ ಠೇವಣಿಯ ಮಿತಿಯೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆಯಾದರೂ, ಮಾದರಿಯನ್ನು ಒಪ್ಪುವುದು ಬಿಡುವುದು ರಾಜ್ಯಗಳಿಗೆ ಸೇರಿದ್ದು. ಬಾಡಿಗೆದಾರನಿಗೆ ಉಳಿಯುವುದು ಗೋಡೆಯ ಮೊಳೆ ಹಾಗೂ ಸುಣ್ಣಬಣ್ಣದ ಹೆಸರಿನಲ್ಲಿ ಕಡಿತವಾದ ಶೇಷ ಮಾತ್ರ.

ಬ್ರೋಕರ್ ಎಂದರೆ ಕೀಲಿಕೈಗೂ ಗಿರಾಕಿಗೂ ನಡುವೆ ನಿಂತು, ಬಹುಮಟ್ಟಿಗೆ ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ನಾಗಿ ಪಡೆಯುವ ಮಧ್ಯವರ್ತಿ. ಫ್ರಿಜ್ಜಿನ ಬಾಗಿಲು ತೆರೆದರೆ ಅಡುಗೆಮನೆಯ ಬಾಗಿಲು ಮುಚ್ಚಬೇಕಾದ, ಕಿಟಕಿಯಿಂದ ಕೈಚಾಚಿದರೆ ಪಕ್ಕದ ಮನೆಯ ಗೋಡೆ ತಾಗುವ ಮನೆಯನ್ನು ತೋರಿಸುತ್ತಲೇ ಅವನು, “ಸಂಜೆ ಇನ್ನೊಂದು ಪಾರ್ಟಿ ಟೋಕನ್ ಕೊಡೋಕೆ ಬರ್ತಾ ಇದಾರೆ ಸಾರ್” ಎಂದು ಉಸುರುತ್ತಾನೆ. ಟೋಕನ್ ಎಂದರೆ ಮನೆಯನ್ನು ಕಾಯ್ದಿರಿಸಲು ಮುಂಗಡವಾಗಿ ಕೊಡುವ ಹಣ. ಆ ಪಾರ್ಟಿಯನ್ನು ಈವರೆಗೆ ಕಂಡವರು ವಿರಳ.

ಆದುದರಿಂದ ಮನೆ ಹುಡುಕುವವರು ಟೋಕನ್ ಕೊಡುವ ಮೊದಲು ನಲ್ಲಿ ತಿರುಗಿಸಿ ನೀರು ಬರುವುದೇ ಎಂದು ನೋಡಿ, ಗೋಡೆಗಳ ಫೋಟೋ ತೆಗೆದಿಟ್ಟು, ಕೊಟ್ಟ ಹಣಕ್ಕೆಲ್ಲ ರಸೀದಿ ಕೇಳುವುದು ಒಳ್ಳೆಯದು.