ತಲೆ ತಿರುಗುವುದಕ್ಕೂ ಅಂತಸ್ತು ಬೇಕು

ಗುಜರಾತಿನಲ್ಲಿ ಯಾರಾದರೂ ಕಣ್ಣು ಕತ್ತಲೆ ಬಂದು ಬಿದ್ದರೆ ನಾಡಿ ಹಿಡಿಯುವ ಮೊದಲು ಅವರ ಕಸುಬು ಕೇಳಬೇಕು. 2024ರ ಮೇ ತಿಂಗಳಲ್ಲಿ ಐಪಿಎಲ್ ಪಂದ್ಯಕ್ಕೆ ಅಹಮದಾಬಾದಿಗೆ ಬಂದಿದ್ದ ಶಾರುಖ್ ಖಾನ್ ಬಿಸಿಲಿನ ಹೊಡೆತಕ್ಕೆ ಆಸ್ಪತ್ರೆ ಸೇರಿದರು. ಅಂದು ಟಿ.ವಿ. ನಿರೂಪಕರೆಲ್ಲ ಹೀಟ್ ಸ್ಟ್ರೋಕ್ ತಜ್ಞರಾದರು. ಅದೇ ಬಿಸಿಲಿಗೆ ಸೆಂಟ್ರಿಂಗ್ ಕೆಲಸದವನು ಬಿದ್ದರೆ ಮೇಸ್ತ್ರಿಯ ತೀರ್ಪು ಸಿದ್ಧ: "ಬೆಳಿಗ್ಗೆ ಏನೂ ತಿಂದಿಲ್ಲ, ಬಿಡಿ."

2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಪಾದರಸ 46.8 ಡಿಗ್ರಿಗೇರಿತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಮಂದಿ ಹೆಚ್ಚು ಸತ್ತಿದ್ದರು. ಇದು ಬಿಸಿಲಿನಿಂದ ಸತ್ತರೆಂದು ಬರೆದ ಮರಣಪತ್ರ ಎಣಿಸಿ ಸಿಕ್ಕ ಸಂಖ್ಯೆಯಲ್ಲ. ಅಕ್ಕಪಕ್ಕದ ವರ್ಷಗಳ ಮೇ ತಿಂಗಳೊಡನೆ ತಾಳೆ ಹಾಕಿ ಸಂಶೋಧಕರು ಹೆಕ್ಕಿದ್ದು. 2013ರಲ್ಲಿ ಪಾಲಿಕೆ ಬಿಸಿಲಿಗೊಂದು ಕಾರ್ಯಯೋಜನೆ ಮಾಡಿತು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಒಳ್ಳೆಯ ಕೆಲಸವೇ, ಅದರಲ್ಲಿ ಕೊಂಕಿಲ್ಲ. ಈಗ ಬೇಸಿಗೆಯ ಮಧ್ಯಾಹ್ನ ಎಷ್ಟೋ ಟ್ರಾಫಿಕ್ ಸಿಗ್ನಲ್‌ಗಳನ್ನೂ ಆರಿಸುತ್ತಾರೆ, ಸವಾರರು ಬಿಸಿಲಲ್ಲಿ ನಿಲ್ಲದಿರಲಿ ಎಂದು. ಕೆಂಪು ದೀಪಕ್ಕೆ ಸಿಕ್ಕ ಈ ಮಧ್ಯಾಹ್ನದ ವಿಶ್ರಾಂತಿ ಸೂರತ್ತಿನ ಪವರ್‌ಲೂಮ್ ಕೆಲಸಗಾರನಿಗೆ ಸಿಕ್ಕಿಲ್ಲ. ಒಡಿಶಾದ ಗಂಜಾಮಿನಿಂದ ಬಂದವನಿಗೆ ಹನ್ನೆರಡು ಗಂಟೆಯ ಪಾಳಿ, ಮೀಟರ್ ಲೆಕ್ಕದ ಕೂಲಿ. ತಲೆ ತಿರುಗಿ ಕೂತಷ್ಟು ಹೊತ್ತಿಗೆ ಬಟ್ಟೆಯಿಲ್ಲ, ಬಟ್ಟೆಯಿಲ್ಲದಿದ್ದರೆ ದುಡ್ಡಿಲ್ಲ. ಹೀಗಾಗಿ ಬವಳಿ ಬರುವುದು ಅವನ ಜೇಬಿಗೆ ಒಗ್ಗದ ಕಾಯಿಲೆ.

ಇನ್ನು ವಡೋದರದ ಗರ್ಬಾ ಮೈದಾನ. ಕುಣಿಯುತ್ತಿದ್ದವರು ಕುಸಿದರೆ ನಲವತ್ತು ಜನ ಸುತ್ತುಗಟ್ಟಿ ಗಾಳಿ ತಡೆಯುತ್ತಾರೆ. ಒಬ್ಬರು ಮೂಗಿಗೆ ಈರುಳ್ಳಿ ಹಿಡಿದರೆ ಇನ್ನೊಬ್ಬರು ಚಪ್ಪಲಿ. ಮೂರನೆಯವರು ಎತ್ತಿ ಕುರ್ಚಿಯಲ್ಲಿ ಕೂರಿಸಿ ಬಾಯಿಗೆ ನೀರು ಸುರಿಯುತ್ತಾರೆ. ಮಿದುಳಿಗೆ ಕೆಲ ಕ್ಷಣ ರಕ್ತ ಸಾಲದೇ ಹೋದಾಗ ಜ್ಞಾನ ತಪ್ಪುತ್ತದೆ. ಬಿದ್ದಾಗ ತಲೆ ಎದೆಯ ಮಟ್ಟಕ್ಕಿಳಿದು ರಕ್ತ ಮತ್ತೆ ಹರಿಯುವಷ್ಟರಲ್ಲಿ ನಮ್ಮ ದಯಾಳುಗಳು ಎತ್ತಿ ಕೂರಿಸಿ ಅದನ್ನೂ ತಪ್ಪಿಸುತ್ತಾರೆ. ಜ್ಞಾನವಿಲ್ಲದವರ ಬಾಯಿಗೆ ಸುರಿದ ನೀರು ಶ್ವಾಸಕೋಶಕ್ಕೆ ಹೋದೀತು. ಕೊನೆಗೆ "ಬಾಟಲಿ ಏರಿಸಿದರು" ಎಂದರೆ ಮನೆಯವರಿಗೆ ಸಮಾಧಾನ. ಬಿದ್ದದ್ದು ಯಾಕೆ ಎಂದು ಕೇಳುವವರಿಲ್ಲ.

2023ರ ನವರಾತ್ರಿಯಲ್ಲಿ ಗುಜರಾತಿನಲ್ಲಿ ಗರ್ಬಾ ಆಡುತ್ತಲೇ ಹಲವರು ಸತ್ತರು, ಅವರಲ್ಲಿ ಹರೆಯದವರೂ ಇದ್ದರು. ಮೈದಾನದ ಬಳಿ ಆಂಬುಲೆನ್ಸ್ ನಿಲ್ಲಿಸಿದರು. ಆದರೆ ವರ್ಷದ ಹಿಂದೆಯೂ ಹೀಗೇ ಬಿದ್ದಿದ್ದವನಿಗೆ ಇಸಿಜಿ ಮಾಡಿಸಿ ಎಂದರೆ ಇಂದಿಗೂ ಮನೆಯವರ ಉತ್ತರ, "ಅವನಿಗೇನಾಗಿದೆ, ಜಿಮ್‌ಗೆ ಹೋಗ್ತಾನೆ!"

ಆದ್ದರಿಂದ ಓದುಗರೇ, ಬಿದ್ದವರನ್ನು ನೆರಳಲ್ಲಿ ಮಲಗಿಸಿ, ಉಸಿರಾಟ ನೋಡಿ, ಕಾಲನ್ನು ತುಸು ಮೇಲೆತ್ತಿ, ಗುಂಪನ್ನು ಓಡಿಸಿ. ಒಂದೆರಡು ನಿಮಿಷದಲ್ಲಿ ಏಳದಿದ್ದರೆ, ಮೈ ಸುಡುತ್ತಾ ಮಾತು ತೊದಲಿದರೆ, ಕುಣಿಯುವಾಗ ಇಲ್ಲವೇ ಓಡುವಾಗ ಬಿದ್ದಿದ್ದರೆ 108ಕ್ಕೆ ಫೋನ್ ಮಾಡಿ. ಮೈ ಸುಡುತ್ತಿದ್ದರೆ ಆಂಬುಲೆನ್ಸ್ ಬರುವವರೆಗೆ ನೀರೆರೆದು ತಣಿಸುತ್ತಿರಿ. ಈರುಳ್ಳಿ ಅಡುಗೆಗಿರಲಿ, ಚಪ್ಪಲಿ ಕಾಲಲ್ಲೇ ಇರಲಿ.