ಗುಜರಿಗೂ ವಿಂಟೇಜಿಗೂ ನಡುವೆ ಮೂವತ್ತೈದು ವರ್ಷ

ಅಪಘಾತದಲ್ಲಿ ಜಜ್ಜಿಹೋದ ಹಳೇ ಪಿಕಪ್ಪನ್ನು ಮನೆಯಲ್ಲೇ ಎಬ್ಬಿಸಿ ನಿಲ್ಲಿಸಬೇಕೆಂಬ ಹುಚ್ಚು ಎರಡು ಬಗೆಯ ಜನಕ್ಕೆ ಹಿಡಿಯುತ್ತದೆ. ಒಬ್ಬನಿಗೆ ಹೊಸದು ಕೊಳ್ಳಲು ದುಡ್ಡಿರುವುದಿಲ್ಲ. ಇನ್ನೊಬ್ಬರಿಗೆ ಇರುವ ದುಡ್ಡನ್ನು ಎಲ್ಲಿ ಸುರಿಯಬೇಕೋ ತಿಳಿಯುವುದಿಲ್ಲ. ಮೊದಲನೆಯವನಿಗೆ ಏಕವಚನ, ಎರಡನೆಯವರಿಗೆ ಬಹುವಚನ ಬಳಸಿದ್ದು ಬೇಕೆಂದೇ. ಕಚೇರಿಗಳ ಕೌಂಟರಿನಲ್ಲಿ ಹಾಗೇ ನಡೆಯುತ್ತದೆ, ಅಂಕಣದಲ್ಲಿ ಮಾತ್ರ ಯಾಕೆ ಸುಧಾರಣೆ?

ಇಬ್ಬರ ಕೈಗೂ ಸಿಗುವುದು ಒಂದೇ ಗಾಡಿ. 1996ರ ಮಾಡೆಲ್ ಟಾಟಾ ಮೊಬೈಲ್ 206 ಅಂದುಕೊಳ್ಳೋಣ. ಕಂಪನಿಗೆ ಇನ್ನೂ ಟೆಲ್ಕೋ ಎಂಬ ಹೆಸರಿದ್ದ ಕಾಲದಲ್ಲಿ, 1988ರಲ್ಲಿ ಬಂದ ಡೀಸೆಲ್ ಪಿಕಪ್ಪು. ಅದರ ತಳಪಾಯದ ಮೇಲೆಯೇ 1991ರಲ್ಲಿ ಸಿಯೆರಾ ಬಂತು, ಮರುವರ್ಷ ಎಸ್ಟೇಟ್. ಮೊಮ್ಮಕ್ಕಳ ಕಾಲಕ್ಕೆ ಕಂಪನಿ ದೊಡ್ಡ ಕಾರು ಕಂಪನಿಯಾಯಿತು, ಅಜ್ಜ ಮಾತ್ರ ಮಂಡಿಗೆ ಟೊಮೇಟೊ, ಮದುವೆಗೆ ಪಾತ್ರೆ, ಚುನಾವಣೆಗೆ ಮೈಕು, ಕೆರೆಗೆ ಗಣಪತಿ ಹೊರುತ್ತಲೇ ಉಳಿದ. ಒಂದು ದಿನ ಹೆದ್ದಾರಿಯಲ್ಲಿ ಮುಂದಿನ ಲಾರಿ ಬ್ರೇಕ್ ಹಾಕಿತು, ಇವನು ಹಾಕುವುದು ತಡವಾಯಿತು.

ಗಾಡಿ ಸತ್ತಿತೋ ಬದುಕಿದೆಯೋ ಎಂದು ಹೇಳುವ ಅಧಿಕಾರ ಮೆಕ್ಯಾನಿಕ್‌ಗೆ ಇಲ್ಲ. ಅದು ಇನ್ಶೂರೆನ್ಸಿನ ಲೆಕ್ಕ. ರಿಪೇರಿ ಖರ್ಚು ಘೋಷಿತ ಮೌಲ್ಯದ ಶೇ 75 ದಾಟಿದರೆ ಟೋಟಲ್ ಲಾಸ್. ಐದು ವರ್ಷ ಮೀರಿದ ಗಾಡಿಯ ಮೌಲ್ಯವನ್ನು ಕಂಪನಿ ಮತ್ತು ಮಾಲೀಕ ಪರಸ್ಪರ ಒಪ್ಪಿ ಗೊತ್ತುಮಾಡಬೇಕು ಎನ್ನುತ್ತದೆ ನಿಯಮ. ಈ ಮಹಾ ಸಂಧಾನದಲ್ಲಿ ಮಾಲೀಕನ ಪಾಲಿನ ಮಾತು ಒಂದೇ: ‘ಎಲ್ಲಿ ಸೈನ್ ಹಾಕಬೇಕು ಸಾರ್?’ ಹಾಗಾಗಿ ಬಾನೆಟ್ಟು, ಎರಡು ಮಡ್‌ಗಾರ್ಡು, ರೇಡಿಯೇಟರು ಹೋದರೂ ಸಾಕು, ಮುದಿ ಪಿಕಪ್ಪಿನ ಪ್ರಾಣ ಕಾಗದದ ಮೇಲೆ ಹಾರಿಹೋಗುತ್ತದೆ. ಸೆಲ್ಫ್ ಹೊಡೆದರೆ ಇಂಜಿನ್ ಎದ್ದು ಗುರುಗುಟ್ಟುತ್ತಿರುತ್ತದೆ, ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ನಾಶವಾದ ವಾಹನದ ಸುದ್ದಿಯನ್ನು ಮಾಲೀಕ 14 ದಿನದೊಳಗೆ ಇಲ್ಲವೇ ಆದಷ್ಟು ಬೇಗ ಅಧಿಕಾರಿಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. ವೈಕುಂಠ ಸಮಾರಾಧನೆಗಿಂತ ಒಂದು ದಿನ ಹೆಚ್ಚಿಗೆ ಕೊಟ್ಟಿದ್ದಾರೆ, ದೊಡ್ಡ ಮನಸ್ಸು.

ಮೊದಲನೆಯವನ ಮಟ್ಟಿಗೆ ಮನೆಯಲ್ಲೇ ರಿಪೇರಿ ಎಂದರೆ ಮನೆಯ ಹಿಂದಿನ ಹುಣಸೆಮರದ ಕೆಳಗೆ. ಪಿಕಪ್ಪಿಗೆ ಏಣಿಯಂಥ ಚಾಸಿಸ್, ಉದ್ದಕ್ಕೆ ಎರಡು ತೊಲೆ, ನಡುನಡುವೆ ಅಡ್ಡಪಟ್ಟಿ. ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ ಒಂದು ದಾರ, ಬಲದಿಂದ ಎಡಕ್ಕೆ ಇನ್ನೊಂದು. ಎರಡೂ ಸಮ ಬಂದರೆ ದೇವರು ದೊಡ್ಡವನು. ಬರದಿದ್ದರೆ ಹುಣಸೆಮರಕ್ಕೆ ಚೈನು ಬಿಗಿದು, ಜಾಕ್ ಕೊಟ್ಟು, ದಿನಕ್ಕಿಷ್ಟಿಷ್ಟೇ ಎಳೆಯುವುದು. ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿದರೆ ಬೇಗ ಬಗ್ಗುತ್ತದೆ, ಆದರೆ ಉಕ್ಕಿನ ಕಸುವು ಹೋಗುತ್ತದೆ ಎಂಬುದು ಇಂಜಿನಿಯರಿಂಗ್ ಓದದ ಅವನಿಗೆ ಗೊತ್ತು. ತುಕ್ಕು ಕಚ್ಚಿದ ಬೋಲ್ಟಿಗೆ ರಾತ್ರಿಯೆಲ್ಲ ಡೀಸೆಲ್ ಹನಿಸಿ ಬೆಳಿಗ್ಗೆ ಪಾನಾ ಹಾಕುತ್ತಾನೆ. ಹೆಡ್ಡು ಲೇತಿಗೆ, ಡೀಸೆಲ್ ಪಂಪು ಪಂಪಿನ ಅಂಗಡಿಗೆ, ಬಾನೆಟ್ಟಿಗಾಗಿ ತಾನೇ ಶಿವಾಜಿನಗರದ ಗುಜರಿಗೆ. ಸಿಕ್ಕಿದ ಬಾನೆಟ್ಟು ಹಸಿರು, ಬಾಗಿಲು ನೀಲಿ, ಕ್ಯಾಬಿನ್ನು ಹಳೆಯ ಬಿಳಿ. ಗಾಡಿ ಮತ್ತೆ ಕೋಲಾರದ ಟೊಮೇಟೊ ಮಂಡಿ ಸೇರುತ್ತದೆ. ಇದಕ್ಕೆ ಸಮಾಜ ಇಟ್ಟ ಹೆಸರು: ‘ಇನ್ನೂ ಇಂಥ ಡಬ್ಬಾಗಳನ್ನು ರೋಡಿಗೆ ಬಿಡ್ತಾರಲ್ಲ ರೀ!’

ಈಗ ಎರಡನೆಯವರ ಮನೆಗೆ ಬನ್ನಿ. ಇಲ್ಲಿ ರಿಪೇರಿ ಎಂಬ ಮಾತೇ ನಿಷಿದ್ಧ, ಇದು ರೆಸ್ಟೊರೇಷನ್. ಗಾಡಿಗೆ ನಾಮಕರಣವಾಗಿದೆ, ಇನ್‌ಸ್ಟಾಗ್ರಾಂ ಖಾತೆಯಿದೆ, ಇಲ್ಲದಿರುವುದು ಚಕ್ರ ಮಾತ್ರ. ಪೋರ್ಟಿಕೋದಲ್ಲಿ ನಾಲ್ಕು ಸ್ಟ್ಯಾಂಡಿನ ಮೇಲೆ ಕೂರಿಸಿದ್ದಾರೆ. ಬೆಂಗಳೂರಿನ ಮನೆಗಳಲ್ಲಿ ಪೋರ್ಟಿಕೋದ ಕೆಳಗೇ ಸಂಪು. ಒಂದು ಟನ್ನಿಗೂ ಮಿಕ್ಕಿದ ಕಬ್ಬಿಣವನ್ನು ಆ ತೆಳು ಸ್ಲ್ಯಾಬಿನ ಮೇಲೆ ನಿಲ್ಲಿಸಿ, ಅದರಡಿಗೆ ಮಲಗಿ ಸೆಲ್ಫಿ ತೆಗೆದುಕೊಳ್ಳುವವರ ಧೈರ್ಯಕ್ಕೆ ಮೆಚ್ಚಬೇಕು. ಕಾವೇರಿ ನೀರಿಗೆ ಈಚೆಗೆ ಗೇರ್ ಆಯಿಲಿನ ಘಮ ಬಂದಿದೆ, ಮನೆಯವರೆಲ್ಲ ಬಿಸ್ಲೇರಿ ಕುಡಿಯುತ್ತಿದ್ದಾರೆ. ಗೋಡೆಯ ಮೇಲೆ ಆಮದು ಮಾಡಿದ ಟಾರ್ಕ್ ರೆಂಚು ಶಂಖಚಕ್ರದಂತೆ ನೇತಾಡುತ್ತಿದೆ. ಹತ್ತನೇ ನಂಬರಿನ ಸ್ಪ್ಯಾನರ್ ಮಾತ್ರ ಕಾಣೆ, ಅದು ಎಲ್ಲ ಜಾತಿ ಎಲ್ಲ ವರ್ಗದ ಮನೆಗಳಲ್ಲೂ ಕಾಣೆ.

‘ಎಲ್ಲ ನಾನೇ ಕೈಯಾರೆ ಮಾಡಿದ್ದು’ ಎನ್ನುತ್ತದೆ ವಿಡಿಯೊ. ಸಂಜೆ ಆರಕ್ಕೆ ಕ್ಯಾಮೆರಾ ಆಫ್ ಆದ ಮೇಲೆ ಗ್ಯಾರೇಜಿನ ಹುಡುಗ ಬರುತ್ತಾನೆ. ‘ಸಾರ್, ಇದನ್ನ ಉಲ್ಟಾ ಕೂರಿಸಿದ್ದೀರಾ’ ಎಂದು ಮೆತ್ತಗೆ ಹೇಳಿ, ಬಿಚ್ಚಿ, ಸರಿಯಾಗಿ ಕೂರಿಸಿ, ಕೈ ಒರೆಸಿಕೊಂಡು ಹೋಗುತ್ತಾನೆ. ಅವನಿಗೆ ಇನ್‌ಸ್ಟಾಗ್ರಾಂನಲ್ಲಿ ಜಾಗವಿಲ್ಲ, ಫ್ರೇಮ್ ಕಟ್ಟಾಗುತ್ತದೆ.

ಇಷ್ಟಾದ ಮೇಲೆ ತುಕ್ಕಿನ ಸಂಗತಿ. ತುಕ್ಕನ್ನು ತೆಗೆಯದೆ, ಮೇಲೆ ಪಾರದರ್ಶಕ ಲ್ಯಾಕರ್ ಬಳಿದು ಕಾಪಾಡಿಕೊಳ್ಳುವುದು ಈಗಿನ ಫ್ಯಾಶನ್ನು, ಹೆಸರು ಪೆಟಿನಾ. ಫಿಟ್‌ನೆಸ್ ಪರೀಕ್ಷೆಗೆ, ಅಂದರೆ ಎಫ್‌ಸಿಗೆ, ನಿಂತ ಮೊದಲನೆಯವನ ಗಾಡಿಯ ಬಾಗಿಲಲ್ಲಿ ಇದೇ ತುಕ್ಕು ಕಂಡರೆ ‘ಮೊದಲು ಟಿಂಕರಿಂಗ್ ಮಾಡಿಸ್ಕೊಂಡು ಬಾರಯ್ಯ’. ಸರಕು ಗಾಡಿಗೆ ಎಂಟು ವರ್ಷ ದಾಟಿತೆಂದರೆ ಪ್ರತಿ ವರ್ಷವೂ ಎಫ್‌ಸಿ. ಆರ್‌ಸಿಯಲ್ಲಿ ಬಣ್ಣ ಬಿಳಿ ಎಂದಿದೆ, ಬಾನೆಟ್ಟು ಹಸಿರು, ಅಲ್ಲಿಗೆ ಅವನ ಕಥೆ ಮುಗಿಯಿತು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅವರ ಗಾಡಿಗೆ ಬಂದಿರುವ ಅಗಲ ಟೈರು, ಛಾವಣಿಯ ಮೇಲಿನ ಎಂಟು ದೀಪ ಯಾವ ಮೂಲ ವಿವರದಲ್ಲಿದ್ದವೋ ಕೇಳಬೇಡಿ. ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ದಾರಿಯಲ್ಲಿ ನಿಲ್ಲಿಸಿದ ಪೊಲೀಸರು ಅದರ ಜೊತೆ ಫೋಟೊ ತೆಗೆಸಿಕೊಂಡು ಕಳಿಸುತ್ತಾರೆ.

ಆದರೂ ಹಳೇ ಡೀಸೆಲ್ ಗಾಡಿಯ ಹೊಗೆ ಸುಳ್ಳಲ್ಲ. 1996ರ ಇಂಜಿನ್ ಭಾರತ್ ಸ್ಟೇಜ್ ಎಂಬ ಮಾತು ಹುಟ್ಟುವುದಕ್ಕೂ ಮುಂಚಿನದು, ಅದರ ಹಿಂದೆ ಸ್ಕೂಟರಿನಲ್ಲಿ ಹೋದವರ ಶ್ವಾಸಕೋಶಕ್ಕೆ ಪರಂಪರೆಯ ಮೇಲೆ ಪ್ರೀತಿ ಇರಬೇಕಿಲ್ಲ. ಹೊಗೆಯನ್ನು ಅಳೆಯಿರಿ, ಬ್ರೇಕನ್ನು ಪರೀಕ್ಷಿಸಿ, ಫೇಲಾದರೆ ನಿಲ್ಲಿಸಿ. 2021ರಲ್ಲಿ ಬಂದ ಸ್ಕ್ರ್ಯಾಪ್ ನೀತಿ ಹೇಳುವುದೂ ಇದನ್ನೇ: ವಯಸ್ಸು ಮುಖ್ಯವಲ್ಲ, ಯೋಗ್ಯತೆ ಮುಖ್ಯ. ಮಾತು ಕೇಳಲು ಚಂದ. ಶುಲ್ಕದ ಪಟ್ಟಿಗೆ ಮಾತ್ರ ಅದನ್ನು ಯಾರೂ ಓದಿ ಹೇಳಿಲ್ಲ. 15 ವರ್ಷ ದಾಟಿದ ಖಾಸಗಿ ಲಘು ವಾಹನದ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಲ್ಲಿ 5,000 ಆಯಿತು. 20 ದಾಟಿದರೆ 10,000 ಎಂದು 2025ರಲ್ಲಿ ಇನ್ನೊಂದು ಏರಿಕೆ. ಹೊಗೆ ಎಷ್ಟು ಬರುತ್ತದೆ ಎಂದು ಈ ಪಟ್ಟಿ ಕೇಳುವುದಿಲ್ಲ, ಹುಟ್ಟಿದ ತಾರೀಖು ಕೇಳುತ್ತದೆ. ಗಾಡಿಯನ್ನು ಗುಜರಿಗೆ ಕೊಟ್ಟು ಹೊಸದು ಕೊಂಡರೆ ಖಾಸಗಿಯವರಿಗೆ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ, ಬಾಡಿಗೆ ಗಾಡಿಯವನಿಗೆ ಶೇ 15. ದುಡಿಯುವ ಗಾಡಿಗೆ ಕಡಿಮೆ, ನಿಂತಿರುವ ಗಾಡಿಗೆ ಜಾಸ್ತಿ. ಇದ್ದ ಕಬ್ಬಿಣವನ್ನು ಮತ್ತೆ ಬಳಸಿದವನಿಗೆ? ದಂಡದ ರಸೀತಿ.

ಹಾಗೆಂದು ಸರ್ಕಾರಕ್ಕೆ ಹಳತರ ಮೇಲೆ ದ್ವೇಷ ಎನ್ನುವಂತಿಲ್ಲ. 2021ರಲ್ಲೇ ವಿಂಟೇಜ್ ವಾಹನಗಳ ನಿಯಮವೂ ಬಂತು. 50 ವರ್ಷ ತುಂಬಿದ ಗಾಡಿಗೆ ‘ವಿಎ’ ಅಕ್ಷರದ ವಿಶೇಷ ನಂಬರು, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಮಾನ್ಯತೆ. ನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ, ಅಂದರೆ ಗಾಡಿ ಗಾಡಿಯ ಕೆಲಸ ಮಾಡುವಂತಿಲ್ಲ. 15ಕ್ಕೆ ಮುದಿ, 50ಕ್ಕೆ ಪರಂಪರೆ. ನಡುವಿನ 35 ವರ್ಷ? ಪಾಂಡವರಿಗಾದರೂ ಹದಿಮೂರರಲ್ಲಿ ಮುಗಿದಿತ್ತು.

ಆದ್ದರಿಂದ ಗುಜರಿಯಲ್ಲಿ ಜಜ್ಜಿದ ಪಿಕಪ್ಪು ಕಂಡು ಕೈ ತುರಿಸುತ್ತಿರುವ ಓದುಗರೇ, ಮೊದಲು ಚಾಸಿಸ್ ನಂಬರು ಉಜ್ಜಿ ಓದಿ, ಆರ್‌ಸಿಗೆ ತಾಳೆ ನೋಡಿ, ಸಂಪಿನಿಂದ ದೂರ ನಿಲ್ಲಿಸಿ. ಆಮೇಲೆ ಪಾನಾ ಎತ್ತುವ ಮುನ್ನ ವಿಂಟೇಜ್ ನಿಯಮದ ಇನ್ನೊಂದು ಷರತ್ತು ಓದಿಕೊಳ್ಳಿ: ಗಾಡಿ ಮೂಲ ರೂಪದಲ್ಲಿರಬೇಕು, ಅದಕ್ಕೆ ದೊಡ್ಡ ಮಟ್ಟದ ಓವರ್‌ಹಾಲ್ ಆಗಿರಬಾರದು. 1996ರ ಮಾಡೆಲ್ 2046ಕ್ಕೆ ವಿಂಟೇಜ್ ಆಗಬಹುದು, ನೀವು ಅದನ್ನು ರಿಪೇರಿ ಮಾಡದಿದ್ದರೆ.